ನಿಂತಿದ್ದು, ಮಲಗಿದ್ದು, ಮಡಚಿದ್ದು

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅಂಗೈ ನೆನಪಿರುತ್ತದೆ. ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ನನ್ನ ಮದುವೆಯಾಗಿ ಇಪ್ಪತ್ತು ವರ್ಷ ದಾಟಿತು; ಇವತ್ತಿಗೂ ನಮ್ಮ ಯಜಮಾನರು ಅವರ ಮನೆ ಬಾಗಿಲಲ್ಲಿ ನಿಂತರೆ ಯಾರು ಬೇಕಿತ್ತು ಎಂದು ಕೇಳುತ್ತಾರೆ. ಇವರು ಪೆಚ್ಚಾಗಿ ಕೈ ಚಾಚಬೇಕು. ಆ ಕೈಯನ್ನು ಒಮ್ಮೆ ಹಿಡಿದು, ತಿರುಗಿಸಿ, ಹೆಬ್ಬೆರಳ ಬುಡ ಒತ್ತಿ ನೋಡಿದ ಮೇಲೆ ಚಿಕ್ಕಪ್ಪನ ಮುಖ ಅರಳುತ್ತದೆ. 'ಓ, ಅಳಿಯಂದಿರು! ಬನ್ನಿ ಬನ್ನಿ!' ಆಮೇಲೆ ಅವರಷ್ಟು ಉಪಚಾರ ಮಾಡುವವರು ಅರಸೀಕೆರೆಯಲ್ಲಿ ಇನ್ನೊಬ್ಬರಿಲ್ಲ.

ಯಾಕೆ ಹೀಗೆ ಎಂದರೆ, ನಗಬಾರದು, ಎಪ್ಪತ್ತು ದಾಟಿದ, ಪಂಚೆ ಉಟ್ಟು ಹಣೆಗೆ ಗಂಧ ಇಟ್ಟುಕೊಳ್ಳುವ, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಈ ನಮ್ಮ ಚಿಕ್ಕಪ್ಪ ವಿಡಿಯೋ ಗೇಮು ಮಾಡುತ್ತಾರೆ. ಕೈಯಲ್ಲಿ ಹಿಡಿದು ಆಡುತ್ತಾರಲ್ಲ, ಅವು. ಒಳಗಿನ ಆಟ ಅವರದಲ್ಲ. ಆನ್‌ಲೈನಿನಲ್ಲಿ ತರಿಸಿದ ಗೇಮಿನ ಹೊಟ್ಟೆ ಬಗೆದು ಬೋರ್ಡು, ಪರದೆ, ಬ್ಯಾಟರಿ ಹೊರಗೆ ತೆಗೆಯುತ್ತಾರೆ. ಅದರ ಪ್ಲಾಸ್ಟಿಕ್ ಮೈಯನ್ನು ತಿಪ್ಪೆಗೆ ಎಸೆಯುತ್ತಾರೆ. ಮರದಲ್ಲಿ ಹೊಸ ಮೈ ಕೆತ್ತಿ ಎಲ್ಲವನ್ನೂ ಮತ್ತೆ ಕೂರಿಸುತ್ತಾರೆ. ಬಿಕ್ಕೋಡಿನ ಕಡೆ ತೋಟಗಳಲ್ಲಿ ಕಿತ್ತುಹಾಕಿದ ಹಳೇ ಕಾಫಿ ಗಿಡದ ಬುಡ ಸಿಕ್ಕಿತೆಂದರೆ ಅವರಿಗೆ ಅವತ್ತು ಹಬ್ಬ. 'ಈ ಗೇಮು ಡಿಸೈನ್ ಮಾಡೋರಿಗೆ ಕಣ್ಣಿದೆ ಕಣೇ, ಕೈ ಇಲ್ಲ' ಎನ್ನುವುದು ಅವರ ಒಂದೇ ದೂರು.

ಅವರ ಪ್ರಕಾರ ಪ್ರಪಂಚದ ಕೈಗೇಮುಗಳಲ್ಲಿ ಮೂರೇ ಜಾತಿ: ನಿಂತಿದ್ದು, ಮಲಗಿದ್ದು, ಮಡಚಿದ್ದು. ಪರದೆ ಮೇಲೆ, ಬಟನ್ನು ಕೆಳಗೆ ಇದ್ದರೆ ನಿಂತಿದ್ದು. ನಡುವೆ ಪರದೆ, ಎಡಕ್ಕೂ ಬಲಕ್ಕೂ ಬಟನ್ನು ಇದ್ದರೆ ಮಲಗಿದ್ದು. ಎಲೆಅಡಿಕೆ ಡಬ್ಬಿಯ ಹಾಗೆ ಮುಚ್ಚಿ ತೆರೆಯುವಂತಿದ್ದರೆ ಮಡಚಿದ್ದು. 'ನಿಂತಿದ್ದು ಜೇಬಿಗೆ, ಮಲಗಿದ್ದು ಕೈಗೆ, ಮಡಚಿದ್ದು ಆಯಸ್ಸಿಗೆ' ಎಂದು ಗಾದೆಯನ್ನೇ ಕಟ್ಟಿದ್ದಾರೆ. ಮಡಚಿದ್ದರಲ್ಲಿ ಪರದೆಗೆ ಗೀರು ಬೀಳುವುದಿಲ್ಲ, ಆದ್ದರಿಂದ ಆಯಸ್ಸು. ನಾನು ಹಳೇಬೀಡಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ವಂಶಗಳನ್ನೂ ರಾಜ್ಯಗಳನ್ನೂ ಇಷ್ಟು ಚೊಕ್ಕವಾಗಿ ವಿಂಗಡಿಸಿ ಹೇಳಲು ನನಗೇ ಬರುವುದಿಲ್ಲ.

ಅವರ ಈ ವಿದ್ಯೆಯ ಮೂಲ ಸಿಗ್ನಲ್ ಕ್ಯಾಬಿನ್ನು. ಹಿಂದೆ ಅಲ್ಲಿ ಆಳೆತ್ತರದ ಲಿವರ್‌ಗಳಿದ್ದವಂತೆ. ಲಿವರ್ ಎಳೆದರೆ ಎಲ್ಲೋ ದೂರದಲ್ಲಿ ಸಿಗ್ನಲ್ಲಿನ ಕೈಮರ ಬೀಳಬೇಕು. ಬಿದ್ದದ್ದು ಕಣ್ಣಿಗೆ ಕಾಣುವ ಮೊದಲೇ ಅಂಗೈಗೆ ಗೊತ್ತಾಗುತ್ತಿತ್ತಂತೆ. ಒತ್ತಿದ್ದಕ್ಕೆ ಉತ್ತರ ಬರಬೇಕು, ಇದು ಅವರ ವೇದ. ಅದಕ್ಕೇ ಮೊಬೈಲಿನ ಗಾಜಿನ ಮೇಲೆ ಬೆರಳು ಸವರಿ ಆಡುವವರನ್ನು ಕಂಡರೆ ಅವರಿಗೆ ಮರುಕ. ಗೋಡೆಯನ್ನು ಮಾತಾಡಿಸಿದ ಹಾಗೆ, ಎನ್ನುತ್ತಾರೆ. ಇನ್ನೊಂದು ಸೂತ್ರವೂ ಇದೆ: ಹೆಬ್ಬೆರಳು ಕೂತ ಕಡೆ ಬಟನ್ನು ಇರಬೇಕೇ ಹೊರತು, ಬಟನ್ನು ಇರುವ ಕಡೆಗೆ ಹೆಬ್ಬೆರಳು ಅಲೆಯಬಾರದು. ಮೊದಮೊದಲು ಈ ಮಾತಿಗೆ ನಾನೂ ನಗುತ್ತಿದ್ದೆ. ಈಗ ನಮ್ಮ ಮನೆಯ ಮಿಕ್ಸಿ, ಸ್ಟಾಫ್ ರೂಮಿನ ಫ್ಯಾನಿನ ಸ್ವಿಚ್ಚು, ಎಲ್ಲದರಲ್ಲೂ ಇದೇ ತಪ್ಪು ಕಾಣುತ್ತದೆ. ರೋಗ ಅಂಟುವುದು ಹೀಗೇ.

ಬೇರೆಯವರ ಮನೆಗೆ ಹೋದರೆ ನೀರು ಕೊಡುತ್ತಾರೆ, ಕಾಫಿ ಕೊಡುತ್ತಾರೆ. ಚಿಕ್ಕಪ್ಪನ ಮನೆಯಲ್ಲಿ ಮೊದಲು ಮಣ್ಣು ಕೊಡುತ್ತಾರೆ! ಹರಳೆಣ್ಣೆ ಹಾಕಿ ನಾದಿದ, ಚಪಾತಿ ಹಿಟ್ಟಿನ ಹದದ ಒಂದು ಮುದ್ದೆ ಜೇಡಿಮಣ್ಣು. ಅದನ್ನು ಹಿಡಿಯಬೇಕು, ಅಷ್ಟೇ. ಅದಕ್ಕೂ ಶಾಸ್ತ್ರವಿದೆ. ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿಯಬಾರದು, ಬೇಕಾದವರ ಕೈ ಹಿಡಿದ ಹಾಗೆ ಹಿಡಿಯಬೇಕು. ಇನ್ನೊಂದು ಕೈಯ ಸಹಾಯ ತೆಗೆದುಕೊಳ್ಳಬಾರದು, ಮಣ್ಣಿಗೆ ಸುಳ್ಳು ಹೇಳಿದಂತಾಗುತ್ತದೆ. ಮತ್ತು ಒಬ್ಬರಿಗೆ ಒಂದೇ ಸಲ. ವಯಸ್ಸಾದರೆ ಮುಖ ಬದಲಾಗುತ್ತದೆ, ಹಿಡಿತ ಬದಲಾಗುವುದಿಲ್ಲ ಎಂದು ಅವರ ನಂಬಿಕೆ. ಬೆರಳ ಗುರುತು ಬಿದ್ದ ಮುದ್ದೆಯನ್ನು ನೆರಳಲ್ಲಿ ಒಣಗಿಸಿ, ಹೆಸರಿನ ಚೀಟಿ ಅಂಟಿಸಿ ಶೆಲ್ಫಿನಲ್ಲಿ ಇಡುತ್ತಾರೆ. ಪೋಸ್ಟ್‌ಮ್ಯಾನ್, ಗ್ಯಾಸ್ ಸಿಲಿಂಡರಿನವನು, ಶ್ರಾದ್ಧಕ್ಕೆ ಬರುವ ಪುರೋಹಿತರು, ಎಲ್ಲರ ಹಿಡಿತವೂ ಅಲ್ಲಿದೆ. ಪುರೋಹಿತರು ಮಾತ್ರ ಸಂಕಲ್ಪಕ್ಕೆ ಮೊದಲು ಎರಡು ಸಲ ಕೈ ತೊಳೆದರಂತೆ.

ಈ ಮಣ್ಣಿನ ಸರಬರಾಜು ನನ್ನದು. ಹಳೇಬೀಡಿನ ಕೆರೆಯ ಅಂಚಿನ ಮಣ್ಣಿಗೆ ಇರುವ ನೆನಪು ಬೇರೆ ಯಾವ ಮಣ್ಣಿಗೂ ಇಲ್ಲ ಎಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ. ಹಾಗಾಗಿ ತಿಂಗಳಿಗೊಂದು ಭಾನುವಾರ ನಾನು, ಸರ್ಕಾರಿ ಶಾಲೆಯ ಸಹಶಿಕ್ಷಕಿ, ಬ್ಯಾಗಿನಲ್ಲಿ ಒದ್ದೆ ಮಣ್ಣು ತುಂಬಿಕೊಂಡು ಜಾವಗಲ್, ಬಾಣಾವರದ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ಹತ್ತುತ್ತೇನೆ. ಒಮ್ಮೆ ಬ್ಯಾಗು ಸೋರಿ ಬಸ್ಸಿನ ತುಂಬ ಕೆಸರು ಹರಿಯಿತು. ಕಂಡಕ್ಟರ್ ಬಗ್ಗಿ ನೋಡಿ, 'ಗೌರಿ ಹಬ್ಬ ಇನ್ನೂ ದೂರ ಐತಲ್ಲ ಮೇಡಮ್ನೋರೇ' ಎಂದ. ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಬಾಣಾವರದಲ್ಲೇ ಇಳಿಸುತ್ತಿದ್ದನೇನೋ!

ಅವರನ್ನು ಮದುವೆಗಳಿಗೆ ಕರೆದುಕೊಂಡು ಹೋಗುವುದೂ ಅಪಾಯ. ನಮ್ಮ ಬಳಗದ ಒಂದು ಮದುವೆಯಲ್ಲಿ, ಹಿಂದಿನ ಸಂಜೆಯೇ ವರನ ಕೈ ಕುಲುಕಿ ಬಂದವರು, ಅಂದು ರಾತ್ರಿಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಗಂಭೀರವಾಗಿ ಹೇಳಿದರು: 'ಹುಡುಗನ ಹೆಬ್ಬೆರಳು ಗಿಡ್ಡ.' ಅವರ ಲೆಕ್ಕದಲ್ಲಿ ಅದರರ್ಥ, ಅವನಿಗೆ ಅಗಲವಾದ ಗೇಮು ಹೊಂದುವುದಿಲ್ಲ ಎಂದಷ್ಟೇ. ಆದರೆ ಎದುರು ಎಲೆಯಲ್ಲಿ ಕೂತಿದ್ದವರು ಹುಡುಗಿಯ ಸೋದರಮಾವ. ಪಾಯಸ ಬರುವಷ್ಟರಲ್ಲಿ ಗಂಡಿಗೆ ಏನೋ ಐಬು ಇದೆಯಂತೆ ಎಂಬ ಸುದ್ದಿ ಹೆಣ್ಣಿನ ಕಡೆಯ ಕೋಣೆಗಳನ್ನೆಲ್ಲ ಸುತ್ತಿತ್ತು. ಮಾರನೆಯ ದಿನ ಧಾರೆಗೆ ಮೊದಲು ಆ ಸೋದರಮಾವ ಏನೋ ನೆಪ ಮಾಡಿ ವರನ ಎರಡೂ ಹೆಬ್ಬೆರಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಚಿಕ್ಕಪ್ಪ ನನ್ನ ಕಿವಿಯಲ್ಲಿ ಮೆಚ್ಚಿಕೊಂಡರು, 'ನೋಡು, ಅವರಿಗೂ ಆಸಕ್ತಿ ಇದೆ.'

ಬೇಲೂರಿನದು ಇನ್ನೂ ದೊಡ್ಡ ಕತೆ. ಅಲ್ಲಿಯ ಗುಡಿಯ ಮದನಿಕೆಯರು ಸೂರಿನ ಕೆಳಗೆ ಓರೆಯಾಗಿ ನಿಂತಿರುವುದು ನಿಮಗೆ ಗೊತ್ತು. ಎಲ್ಲರೂ ಅವರ ಒಡವೆ ನೋಡುತ್ತಾರೆ, ನಿಲುವು ನೋಡುತ್ತಾರೆ, ಕೆಲವರು ಸುಮ್ಮನೆ ನೋಡುತ್ತಾರೆ. ನಮ್ಮವರು ಬೆರಳು ನೋಡಬೇಕು! ಕತ್ತು ನೋಯಿತೆಂದು ಕೊನೆಗೆ ಅಂಗಳದ ಕಲ್ಲುಹಾಸಿನ ಮೇಲೆ ಅಂಗಾತ ಮಲಗಿಯೇಬಿಟ್ಟರು. ಯಾರೋ ಅಜ್ಜ ತಲೆಸುತ್ತಿ ಬಿದ್ದರೆಂದು ಕಾವಲುಗಾರ ನೀರು ಹಿಡಿದು ಓಡಿಬಂದ. ಕನ್ನಡಿ ಹಿಡಿದ ಹೆಣ್ಣಿನ ಕಡೆ ತೋರಿಸುತ್ತ ಚಿಕ್ಕಪ್ಪ ಮಲಗಿದಲ್ಲಿಂದಲೇ ಅವನಿಗೆ ಪಾಠ ಶುರುಮಾಡಿದರು: ಕನ್ನಡಿಯ ತೂಕವೆಲ್ಲ ಕೆಳಗಿನ ಬೆರಳುಗಳ ಮೇಲಿದೆ, ಹೆಬ್ಬೆರಳು ಬರೀ ಆನಿಸಿದೆ, ಇದು ನಿಂತಿದ್ದರ ಲಕ್ಷಣ, ಕಲ್ಲು ಕೆತ್ತಿದವರಿಗೆ ತಿಳಿದಿದ್ದು ಪ್ಲಾಸ್ಟಿಕ್ ಅಚ್ಚು ಹಾಕುವವರಿಗೆ ತಿಳಿದಿಲ್ಲ. ಹತ್ತಿರದಲ್ಲೇ ಇದ್ದ ಗೈಡ್ ಒಬ್ಬ ಕಿವಿಗೊಟ್ಟು ಕೇಳಿದ. ಕೆಲವು ತಿಂಗಳಾದ ಮೇಲೆ ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ, ಅದೇ ಗೈಡ್ ಉತ್ತರದ ಕಡೆಯ ಪ್ರವಾಸಿಗರಿಗೆ ತೂಕವೆಲ್ಲ ಕೆಳಗಿನ ಬೆರಳ ಮೇಲಿರುವುದನ್ನು ಗಮನಿಸಿ ಎಂದು ಹಿಂದಿಯಲ್ಲಿ ವಿವರಿಸುತ್ತಿದ್ದ. ಶಿಲ್ಪಶಾಸ್ತ್ರದಲ್ಲಿ ಹಾಗೇ ಇದೆಯಂತೆ!

ಇಷ್ಟೆಲ್ಲ ಹೇಳಿ ಚಿಕ್ಕಮ್ಮನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಈ ಹುಚ್ಚು ಶುರುವಾದದ್ದೇ ಚಿಕ್ಕಮ್ಮನಿಂದ. ಅವರು ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಅವರ ಬೆರಳಿನ ವೇಗಕ್ಕೆ ಕಚೇರಿಯ ಟೈಪ್‌ರೈಟರುಗಳೇ ಸುಸ್ತಾಗುತ್ತಿದ್ದವು ಎನ್ನುತ್ತಾರೆ. ಬಹಳ ಹಿಂದೆ ಯಾರೋ ಅವರಿಗೆ ಇಟ್ಟಿಗೆ ಜೋಡಿಸುವ ಗೇಮು ತಂದುಕೊಟ್ಟರು. ಮೇಲಿನಿಂದ ಚಿತ್ರವಿಚಿತ್ರ ಆಕಾರದ ಇಟ್ಟಿಗೆಗಳು ಇಳಿಯುತ್ತವೆ, ಅವನ್ನು ತಿರುಗಿಸಿ ಸಂದಿಗೆ ಕೂರಿಸಬೇಕು, ಸಾಲು ತುಂಬಿದರೆ ಮಾಯವಾಗುತ್ತದೆ. ಚಿಕ್ಕಮ್ಮ ಅದರಲ್ಲಿ ಮುಳುಗಿದರು. ದಿನಾ ಮಧ್ಯಾಹ್ನ ಮೂರಕ್ಕೆ ಕಾಫಿ ಲೋಟ ಪಕ್ಕಕ್ಕಿಟ್ಟು ಕೂತರೆ ಎದುರು ದೇವರು ಬಂದು ನಿಂತರೂ ಇಟ್ಟಿಗೆ ಕೆಳಗಿಳಿಯುವವರೆಗೆ ಕಾಯಬೇಕು. ಒಂದು ದಿನ ಅದರ ಅಂಚು ಬೆರಳಿಗೆ ಒತ್ತಿ ನೋಯುತ್ತದೆ ಎಂದು ಅವರು ಹೇಳಿದ್ದೇ ತಡ, ಚಿಕ್ಕಪ್ಪ ಅರ ಹಿಡಿದು ಅಂಚು ಉಜ್ಜಲು ಕೂತರು. ಆವತ್ತು ಕೂತವರು ಎದ್ದಿಲ್ಲ.

ಮಾಡಿದ ಒಂದೊಂದು ಗೇಮೂ ಮೊದಲು ಚಿಕ್ಕಮ್ಮನ ಕೈಗೆ ಹೋಗಬೇಕು. ಅವರು ಒಂದು ಆಟ ಆಡಿ, ಒಂದೇ ಮಾತಿನ ತೀರ್ಪು ಕೊಡುತ್ತಿದ್ದರು. ಚುಚ್ಚುತ್ತೆ. ಜಾರುತ್ತೆ. ಭಾರ. ಬಿಸಿ. ಚಿಕ್ಕಪ್ಪ ಮರುಮಾತಿಲ್ಲದೆ ಅದನ್ನು ಒಳಗೆ ಒಯ್ದು ಮತ್ತೆ ಕೆತ್ತುತ್ತಿದ್ದರು. ಬ್ಯಾಟರಿಯ ಭಾರ ಒಂದೇ ಕಡೆ ಎಳೆಯುತ್ತದೆ ಎಂದರೆ, ಅಡ್ಡೆ ಹೊತ್ತವನ ಹಾಗೆ ಎರಡು ಸಣ್ಣ ಬ್ಯಾಟರಿಗಳನ್ನು ಎರಡು ತುದಿಗೆ ಕಟ್ಟಿದರು. ಬೋಂಡ ತಿಂದ ಕೈಗೆ ಜಾರುತ್ತದೆ ಎಂದರೆ ಮೆರುಗೆಣ್ಣೆ ಬಿಟ್ಟು ಒರಟಾಗಿಯೇ ಇಟ್ಟರು. ಇಷ್ಟು ವರ್ಷಗಳಲ್ಲಿ ಚಿಕ್ಕಮ್ಮ ಒಂದು ಸಲವೂ ಚೆನ್ನಾಗಿದೆ ಎನ್ನಲಿಲ್ಲ. ಒಮ್ಮೆ ನಾನೇ ಕೇಳಿದೆ, ಒಂದು ಒಳ್ಳೆಯ ಮಾತು ಆಡಿದರೆ ಏನು ಗಂಟು ಹೋಗುತ್ತದೆ ಎಂದು. ಹಾಗಂದರೆ ನಾಳೆಯಿಂದ ಅವರೇನು ಮಾಡುತ್ತಾರೆ ಎಂದು ಅವರು ನನ್ನನ್ನೇ ತಿರುಗಿ ಕೇಳಿದರು.

ಹೋದ ವರ್ಷ ಶಿವರಾತ್ರಿ ಕಳೆದ ಸ್ವಲ್ಪ ದಿನಕ್ಕೆ ಚಿಕ್ಕಮ್ಮನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹಾಲಿನ ಪಾತ್ರೆ ಕೈಯಿಂದ ಬಿತ್ತು. ಎತ್ತಿಕೊಳ್ಳಲು ಹೋದವರೂ ಬಿದ್ದರು. ಹಾಸನದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕಾಲಿಗೆ ನಿಧಾನಕ್ಕೆ ಬಲ ಮರಳಿತು, ಮಾತು ತುಸು ತೊದಲಿದರೂ ಬಂತು. ಬಲಗೈ ಮಾತ್ರ ಬರಲಿಲ್ಲ. ಟೈಪ್‌ರೈಟರನ್ನು ಓಡಿಸಿದ ಆ ಕೈ ಮಡಿಲಲ್ಲಿ ಮಲಗಿರುತ್ತಿತ್ತು, ಅವರದಲ್ಲವೇನೋ ಎಂಬ ಹಾಗೆ. ಮನೆಗೆ ಬಂದು ವ್ಯಾಯಾಮ ಮಾಡಿಸುವ ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು: ಬೆರಳು ತಾನೇ ಅಲುಗಲು ಪ್ರಯತ್ನ ಪಡಬೇಕು, ಈಗಲೇ ಪಡಬೇಕು, ಹೀಗೇ ಬಿಟ್ಟರೆ ಮುಷ್ಟಿ ಬಿಗಿದುಕೊಂಡುಬಿಡುತ್ತದೆ. ಹಿಚುಕಲು ಒಂದು ಕೆಂಪು ಸ್ಪಂಜಿನ ಚೆಂಡು ಕೊಟ್ಟಳು. ಚಿಕ್ಕಮ್ಮ ಅದನ್ನು ಎಡಗೈಯಲ್ಲಿ ಎತ್ತಿ ಟೊಮೆಟೊ ಬುಟ್ಟಿಗೆ ಹಾಕಿದರು.

ಚಿಕ್ಕಪ್ಪನಿಗೆ ಚೆಂಡಿನ ಮೇಲೆ ಮೊದಲೇ ಭರವಸೆ ಇರಲಿಲ್ಲ. ಹಿಚುಕಿದರೆ ಉತ್ತರ ಬರುವುದಿಲ್ಲವಲ್ಲ! ಅವರು ಗೇಮು ಮಾಡಲು ಕೂತರು. ಶೆಲ್ಫಿನಿಂದ ಚಿಕ್ಕಮ್ಮನ ಹಳೆಯ ಮಣ್ಣಿನ ಹಿಡಿತವನ್ನು ಇಳಿಸಿ, ಅದರ ಒಂದೊಂದು ಗುಳಿಯನ್ನೂ ಅಳೆದು, ಊಟ ತಿಂಡಿ ಮರೆತು ಕೆತ್ತಿದರು. ನಾನು ಕಂಡ ಅವರ ಕೆಲಸಗಳಲ್ಲೆಲ್ಲ ಅದೇ ಚೆಂದ. ಚಿಕ್ಕಮ್ಮನ ಬಲಗೈಯಲ್ಲಿ ಇಟ್ಟರು. ಅದು ಜಾರಿ ಸೀರೆಯ ಮಡಿಲಿಗೆ ಬಿತ್ತು. ಚಿಕ್ಕಮ್ಮ ಅದನ್ನು ಎಡಗೈಯಿಂದ ಸವರಿ, 'ಚೆನ್ನಾಗಿದೆ ರೀ' ಎಂದರು.

ಎರಡನೆಯದನ್ನು ಹಗುರ ಮಾಡಿದರು. ಅದಕ್ಕೂ ಚೆನ್ನಾಗಿದೆ. ಮೂರನೆಯದಕ್ಕೆ ಪಟ್ಟಿ ಕಟ್ಟಿದರು. ಅದಕ್ಕೂ ಅದೇ ಮಾತು. ಅದಾದ ಮೇಲಿನ ಭಾನುವಾರ ನಾನು ಹೋದಾಗ ಚಿಕ್ಕಪ್ಪ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. 'ನಿಮ್ಮ ಚಿಕ್ಕಮ್ಮ ಚೆನ್ನಾಗಿದೆ ಅಂದಳು ಕಣೇ' ಎಂದರು. ದಡ್ಡಿ ನಾನು, ಒಳ್ಳೆಯದಾಯಿತಲ್ಲ ಎಂದೆ. ಅವರು ನನ್ನ ಮುಖ ನೋಡಿದ ರೀತಿಗೆ ನನಗೆ ತಡವಾಗಿ ತಿಳಿಯಿತು. ತಪ್ಪು ಹುಡುಕುವುದನ್ನು ಚಿಕ್ಕಮ್ಮ ಬಿಟ್ಟಿದ್ದರು. ಮತ್ತೆ ಆಡುತ್ತೇನೆ ಎನ್ನುವವರು ತಾನೇ ತಪ್ಪು ಹುಡುಕುವುದು?

ಹಳೆಯ ಹಿಡಿತಕ್ಕೆ ಮಾಡಿದ್ದು ಈಗಿನ ಕೈಗೆ ಹೇಗೆ ಕೂರುತ್ತದೆ, ಹೊಸದಾಗಿ ಮಣ್ಣು ಕೊಡಿ ಎಂದು ನಾನು ಹೇಳಿದೆ. ಸಣ್ಣ ಮಾತು. ಯಾರಿಗಾದರೂ ಹೊಳೆಯುವಂಥದ್ದು. ಆದರೆ ಜೀವಮಾನದಲ್ಲಿ ನನ್ನ ಮೇಲೆ ದನಿ ಎತ್ತದ ಮನುಷ್ಯ ಎದ್ದು ನಿಂತರು. 'ಅವಳ ಕೈ ಶೆಲ್ಫಿನಲ್ಲಿದೆ. ಅದೇ ಅವಳ ಕೈ. ಇದು ಕಾಯಿಲೆ, ಹೋಗುತ್ತೆ.' ಅಷ್ಟು ಹೇಳಿ ಕೊಡ ಎತ್ತಿಕೊಂಡು, ಆಗಲೇ ನೀರು ಕುಡಿದಿದ್ದ ಗಿಡಗಳಿಗೆ ಮತ್ತೆ ನೀರು ಹಾಕತೊಡಗಿದರು. ಹಿಡಿತ ಬದಲಾಗುವುದಿಲ್ಲ ಎಂಬ ಅವರ ಸೂತ್ರಕ್ಕೆ ನಾನು ಎಷ್ಟು ನಕ್ಕಿದ್ದೆನೋ ಅಷ್ಟೂ ನನಗೆ ನಾಚಿಕೆಯಾಯಿತು. ಹೊಸ ಮಣ್ಣಿಗೆ ಕೈ ಹಾಕಿದರೆ ಹಳೆಯ ಕೈ ಹೋಯಿತೆಂದು ತಾವೇ ಬರೆದುಕೊಟ್ಟ ಹಾಗೆ. ಅವರಿಗೆ ಇದ್ದದ್ದು ಆ ಹೆದರಿಕೆ.

ಹೊರಡುವಾಗ ಚಿಕ್ಕಮ್ಮ ನನ್ನ ಸೆರಗು ಹಿಡಿದು ನಿಲ್ಲಿಸಿದರು. ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ತಂದು ಹೇಳಿದರು, 'ಮಣ್ಣು ತಗೊಂಬಾ ಕಣೇ.'

ಮುಂದಿನ ಭಾನುವಾರ ತಂದೆ. ಚಿಕ್ಕಪ್ಪ ಹರಳೆಣ್ಣೆ ಹಾಕಿ ನಾದಿದರು, ಎಂದಿಗಿಂತ ಹೆಚ್ಚು ಹೊತ್ತು ನಾದಿದರು. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಮುದ್ದೆಯನ್ನು ಚಿಕ್ಕಮ್ಮನ ಬಲ ಅಂಗೈಯಲ್ಲಿ ಇಟ್ಟರು. ಕಾದರು. ಚಿಕ್ಕಮ್ಮನ ಹಣೆಯಲ್ಲಿ ಬೆವರು ಮೂಡಿತು, ಬೆರಳು ಅಲುಗಲಿಲ್ಲ. ಮಣ್ಣಿನ ಮೇಲೆ ಒಂದು ಗೀರೂ ಬೀಳಲಿಲ್ಲ. ನಾನು ಅಡುಗೆಮನೆಗೆ ಹೋಗಿಬಿಡೋಣ ಎಂದುಕೊಂಡೆ. ಆಗ ಚಿಕ್ಕಪ್ಪ ತಮ್ಮ ಕೈಯನ್ನು ಚಿಕ್ಕಮ್ಮನ ಕೈಯ ಮೇಲೆ ಇಟ್ಟು, ಅವರ ಬೆರಳುಗಳ ಮೇಲೆ ತಮ್ಮ ಬೆರಳುಗಳನ್ನು ಹೊಂದಿಸಿ, ಮೆಲ್ಲಗೆ ಒತ್ತಿದರು. ಬಂದವರಿಗೆಲ್ಲ ಮಣ್ಣಿಗೆ ಸುಳ್ಳು ಹೇಳಬೇಡಿ ಎಂದು ಗದರಿದವರು!

ಆ ಮುದ್ದೆಯಲ್ಲಿ ಇಬ್ಬರ ಗುರುತೂ ಬಿದ್ದಿತ್ತು, ಚಿಕ್ಕಮ್ಮನ ಬೆರಳಿನದು ಒಳಗೆ, ಅದರಾಚೆಗೆ ಚಿಕ್ಕಪ್ಪನದು. ಇನ್ನೊಮ್ಮೆ ಸರಿಯಾಗಿ ತೆಗೆಯೋಣ ಎಂದು ನಾನು ಅನ್ನಲಿಲ್ಲ. ಅವರೂ ಅನ್ನಲಿಲ್ಲ. ಅದನ್ನೇ ಒಣಗಿಸಿ, ಅದರ ಅಳತೆಗೇ ಒಂದು ತಿಂಗಳು ಕೂತು ಕೆತ್ತಿದರು. ಏನು ಹೇಳಲಿ ಅದರ ರೂಪ! ನಿಂತಿದ್ದೂ ಅಲ್ಲ, ಮಲಗಿದ್ದೂ ಅಲ್ಲ, ಮಡಚಿದ್ದಂತೂ ಅಲ್ಲವೇ ಅಲ್ಲ. ಎಡಗಡೆ ಸಣ್ಣ, ಮಾಮೂಲಿ; ಚಿಕ್ಕಮ್ಮ ಎಡಗೈಯಿಂದ ಇಟ್ಟಿಗೆಯನ್ನು ಅತ್ತಿತ್ತ ಸರಿಸುವುದಕ್ಕೆ. ಬಲಗಡೆ ಸುವರ್ಣಗೆಡ್ಡೆ ಅಂಟಿದ ಹಾಗೆ ಊದಿಕೊಂಡಿದೆ. ಅಲ್ಲಿ ಇಟ್ಟಿಗೆ ತಿರುಗಿಸುವ ಒಂದೇ ಒಂದು ಅಗಲವಾದ ಬಟನ್ನು, ಉಸಿರು ತಾಗಿದರೂ ಟಕ್ಕೆನ್ನುವಷ್ಟು ಮೃದುವಾದ ಸ್ಪ್ರಿಂಗು. ಅದರ ಮೇಲೆ ಚಿಕ್ಕಮ್ಮನ ಬೆರಳು, ಅದರ ಮೇಲೆ ಚಿಕ್ಕಪ್ಪನ ಬೆರಳು. ನಾನು ಒಬ್ಬಳೇ ಹಿಡಿದು ನೋಡಿದೆ, ಕೂರಲೇ ಇಲ್ಲ. ಅದು ಒಬ್ಬರ ಕೈಗೆ ಕೂರುವಂಥದ್ದಲ್ಲ.

ದಿನಾ ಮೂರು ಗಂಟೆಗೆ ಇಬ್ಬರೂ ಮಂಚದ ಅಂಚಿನಲ್ಲಿ ಅಂಟಿಕೊಂಡು ಕೂತು ಆಡತೊಡಗಿದರು. ಗೇಮುಗಳ ಬಗ್ಗೆ ಅಷ್ಟು ಶಾಸ್ತ್ರ ಹೇಳುವ ನಮ್ಮ ಚಿಕ್ಕಪ್ಪನಿಗೆ ಆಡಲು ಬರುವುದಿಲ್ಲ ಎಂಬ ಗುಟ್ಟು ಆಗ ರಟ್ಟಾಯಿತು. ಇಟ್ಟಿಗೆ ನೆಲ ಮುಟ್ಟಿದ ಮೇಲೆ ಒತ್ತುತ್ತಾರೆ! ಚಿಕ್ಕಮ್ಮ ಬೈಯುತ್ತಾರೆ, ತೊದಲಿದರೂ ಬೈಗುಳ ಮಾತ್ರ ಪೂರ್ತಿ ಬರುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಪ್ರತಿ ಸಲ ಹೋದಾಗಲೂ ನಾನು ಕಾಫಿ ಮಾಡುವ ನೆಪದಲ್ಲಿ ಬಾಗಿಲ ಸಂದಿಯಿಂದ ಆ ಬಲಗೈಯನ್ನೇ ನೋಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಕಾಣುವುದಾದರೂ ಹೇಗೆ, ಅದರ ಮೇಲೆ ಇನ್ನೊಂದು ಕೈ ಇರುತ್ತಿತ್ತಲ್ಲ.

ಮೊನ್ನೆ ಭಾನುವಾರ ಕಾಫಿ ಲೋಟಗಳನ್ನು ಹಿಡಿದು ನಾನು ಒಳಗೆ ಬರುತ್ತಿದ್ದೆ. ಉದ್ದನೆಯ ಒಂದು ಇಟ್ಟಿಗೆ ಅಡ್ಡಡ್ಡ ಇಳಿಯುತ್ತಿತ್ತು. ಟಕ್ಕೆಂದು ಸದ್ದಾಯಿತು, ಇಟ್ಟಿಗೆ ನೆಟ್ಟಗಾಗಿ ಸಂದಿಗೆ ಇಳಿಯಿತು. ಸರಿಯಾದ ಹೊತ್ತಿಗೆ ಇಳಿದದ್ದು ನೋಡಿ, ಪರವಾಗಿಲ್ಲ ಚಿಕ್ಕಪ್ಪ ಕಲಿತುಬಿಟ್ಟಿರಿ ಎಂದೆ. ಅವರು ತಮ್ಮ ಅಂಗೈಯ ಕೆಳಗೆ ಹಕ್ಕಿಮರಿ ಇದೆಯೇನೋ ಎಂಬಂತೆ ಕೈ ಅಲುಗಿಸದೆ ಕೂತಿದ್ದರು. ನಿಧಾನಕ್ಕೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

'ನಾನು ಒತ್ತಲಿಲ್ಲ ಕಣೇ' ಎಂದರು.

ಚಿಕ್ಕಮ್ಮ ತಲೆ ಎತ್ತಲಿಲ್ಲ. ಮುಂದಿನ ಇಟ್ಟಿಗೆ ಆಗಲೇ ಕೆಳಗಿಳಿಯುತ್ತಿತ್ತು.